ತುತ್ತಿನ ಜಗಳ: ಎಷ್ಟು ಉಣ್ಣಬೇಕೆಂದು ಹೇಳುವವರು ಯಾರು?



ರಾತ್ರಿ ಎಂಟು ಗಂಟೆ. ನಡುಮನೆಯಲ್ಲಿ ಮೂರು ವರ್ಷದ ಮಗುವೊಂದು ಕುಳಿತಿದೆ. ಮುಂದಿನ ತಟ್ಟೆಯಲ್ಲಿ ಅನ್ನ, ತೊವ್ವೆ, ಒಂದಿಷ್ಟು ಹುರುಳಿಕಾಯಿ ಪಲ್ಯ. ತಾಯಿ ತುತ್ತು ಕಲಸಿ ಬಾಯಿಯ ಬಳಿ ತಂದರೆ ಮಗು ತುಟಿ ಬಿಗಿದು ಮುಖ ತಿರುಗಿಸುತ್ತದೆ. ‘ಅಪ್ಪನಿಗೊಂದು ತುತ್ತು, ಅಜ್ಜಿಗೊಂದು ತುತ್ತು’ ಎಂಬ ಲೆಕ್ಕ ಎರಡು ತುತ್ತಿಗೇ ಮುಗಿಯುತ್ತದೆ. ಗುಮ್ಮ ಬಂದು ಹೋಗುತ್ತಾನೆ. ಚಾಕೊಲೇಟಿನ ಆಸೆ ತೋರಿಸಿದ್ದಾಗುತ್ತದೆ. ಕೊನೆಗೆ ಮೊಬೈಲು ಹೊರಬರುತ್ತದೆ. ಮಗುವಿನ ಕಣ್ಣು ಪರದೆಯಲ್ಲಿ ನೆಟ್ಟ ಕೂಡಲೇ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ತಾಯಿಗೆ ಗೆದ್ದ ಸಮಾಧಾನ. ಮಗುವಿಗೆ ಮಾತ್ರ ತಾನು ತಿಂದದ್ದು ಏನು, ಎಷ್ಟು ಎಂಬುದೇ ಗೊತ್ತಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಗು ಊಟ ಬಿಟ್ಟರೆ ಅಜ್ಜಿಗೆ ಅದು ದೃಷ್ಟಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಸರಿಹೋಗುತ್ತದೆ. ತಂದೆಗೆ ಅದು ಹಠ, ಗದರಿಸಿದರೆ ಸರಿಹೋಗುತ್ತದೆ. ನೆರೆಮನೆಯವರಿಗೆ ಅದು ಹಸಿವಿಲ್ಲದ ಕಾಯಿಲೆ. ಟಾನಿಕ್ ಕುಡಿಸಿದರೆ ಸರಿಹೋಗುತ್ತದೆ. ಮೂವರದೂ ಬೇರೆ ಬೇರೆ ಮದ್ದು. ಆದರೆ ಮೂವರೂ ಒಪ್ಪುವ ಮಾತೊಂದಿದೆ: ಮಗು ಎಷ್ಟು ಉಣ್ಣಬೇಕು ಎಂಬುದು ದೊಡ್ಡವರಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ.

ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂದು ಪರೀಕ್ಷಿಸಿ ನೋಡಿದವರಿದ್ದಾರೆ. ಅವರು ಕಂಡುಕೊಂಡದ್ದನ್ನು ತಿಳಿದರೆ ಊಟದ ಹೊತ್ತಿನ ಜಗಳ ಅರ್ಧ ಕಡಿಮೆಯಾದೀತು. ನಮ್ಮ ಹಿರಿಯರ ಪಂಕ್ತಿಯಲ್ಲೂ ಕೈತುತ್ತಿನಲ್ಲೂ ಆ ತಿಳಿವಳಿಕೆಯ ಒಂದಂಶ ಮೊದಲೇ ಇತ್ತೆಂಬುದೂ ಮನಸ್ಸಿಗೆ ಬಂದೀತು.

ಹಠವಲ್ಲ, ವಯಸ್ಸು

ಮೊದಲು ಒಂದು ಸರಳ ಲೆಕ್ಕ. ಮೂರು ಕಿಲೋ ತೂಕದಿಂದ ಹುಟ್ಟಿದ ಮಗು ವರ್ಷ ತುಂಬುವ ಹೊತ್ತಿಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಅಂದರೆ ಮೂರು ಪಟ್ಟು. ಎರಡನೆಯ ವರ್ಷದಲ್ಲಿ ಅದು ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಳಿದ ಮೇಲೆ ಹಸಿವಿನ ವೇಗವೂ ಇಳಿಯಲೇಬೇಕು. ‘ಹೋದ ವರ್ಷ ಚೆನ್ನಾಗಿ ತಿನ್ನುತ್ತಿತ್ತು, ಈಗ ಏನೂ ತಿನ್ನುತ್ತಿಲ್ಲ’ ಎಂಬ ದೂರು ಒಂದೂವರೆ, ಎರಡು ವರ್ಷದ ಮಕ್ಕಳ ಬಗ್ಗೆಯೇ ಹೆಚ್ಚಾಗಿ ಕೇಳಿಬರುವುದಕ್ಕೆ ಇದೂ ಒಂದು ಕಾರಣ. ತಾಯಿಯ ಮನಸ್ಸಿನಲ್ಲಿ ಹಳೆಯ ಅಳತೆ ಉಳಿದಿದೆ. ಮಗುವಿನ ಹೊಟ್ಟೆ ಹೊಸ ಅಳತೆಗೆ ಬಂದಿದೆ.

ಎರಡನೆಯದು, ಹೊಸದರ ಭಯ. ಸುಮಾರು ಎರಡರಿಂದ ಆರು ವರ್ಷದವರೆಗೆ ಮಕ್ಕಳಿಗೆ ಗುರುತಿಲ್ಲದ ತಿನಿಸನ್ನು ಕಂಡರೆ ಹಿಂಜರಿಕೆ ಹೆಚ್ಚು. ಇದಕ್ಕೆ ವಿಜ್ಞಾನಿಗಳು ಊಹಿಸುವ ಕಾರಣ ಸ್ವಾರಸ್ಯಕರವಾಗಿದೆ. ಅಂಬೆಗಾಲಿಡುವವರೆಗೆ ಮಗು ತಾಯಿಯ ಕೈಯಳತೆಯಲ್ಲೇ ಇರುತ್ತದೆ. ನಡೆಯಲು ಕಲಿತ ಮೇಲೆ ಹಿತ್ತಲಿನ ಸೊಪ್ಪು, ಕಾಯಿ, ಬೀಜ ಎಲ್ಲವೂ ಅದರ ಕೈಗೆ ಎಟುಕುತ್ತವೆ. ಕಾಡಿನ ಅಂಚಿನಲ್ಲಿ ಬಾಳಿದ ಮನುಷ್ಯನ ಮಗುವಿಗೆ ಆ ವಯಸ್ಸಿನಲ್ಲಿ ‘ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬೇಡ’ ಎನ್ನುವ ಅಂಜಿಕೆ ಜೀವ ಉಳಿಸಿರಬೇಕು. ಇಂದು ಅದೇ ಅಂಜಿಕೆ ಹುರುಳಿಕಾಯಿ ಪಲ್ಯದ ಮುಂದೆ ತುಟಿ ಬಿಗಿಯುತ್ತದೆ.

ರುಚಿಯ ಒಲವೂ ಹುಟ್ಟಿನಿಂದಲೇ ಬರುತ್ತದೆ. 1970ರ ದಶಕದಲ್ಲಿ ಇಸ್ರೇಲಿನ ಸಂಶೋಧಕ ಜೇಕಬ್ ಸ್ಟೈನರ್ ಆಗತಾನೆ ಹುಟ್ಟಿದ ಕೂಸುಗಳ ನಾಲಿಗೆಗೆ ಸಿಹಿ, ಹುಳಿ, ಕಹಿ ಹನಿಗಳನ್ನು ಮುಟ್ಟಿಸಿ ಅವುಗಳ ಮುಖಭಾವ ದಾಖಲಿಸಿದರು. ಸಿಹಿಗೆ ಮುಖ ಅರಳಿತು, ಕಹಿಗೆ ಸಿಂಡರಿಸಿತು. ಅನೇಕ ವಿಷದ ಗಿಡಗಳು ಕಹಿಯಾಗಿರುವುದರಿಂದ ಇದೂ ಪ್ರಕೃತಿ ಕೊಟ್ಟ ಕಾವಲು. ಹಾಗಲಕಾಯಿ ಗೊಜ್ಜನ್ನು, ಮೆಂತ್ಯದ ಸೊಪ್ಪನ್ನು ಮಗು ಮೊದಲ ಸಲಕ್ಕೇ ಮೆಚ್ಚದಿದ್ದರೆ ಅದು ಯಾರ ತಪ್ಪೂ ಅಲ್ಲ.

ಆದರೆ ರುಚಿ ಹಣೆಬರಹವಲ್ಲ, ಕಲಿಯಬಹುದಾದದ್ದು. ಈ ಕಲಿಕೆ ಮಗು ಅನ್ನ ಉಣ್ಣುವ ಮೊದಲೇ ಶುರುವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೋನೆಲ್ ಕೇಂದ್ರದ ಜೂಲಿ ಮೆನೆಲ್ಲ ಮತ್ತು ಗ್ಯಾರಿ ಬೋಷಾಂ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿ ಬೆಳ್ಳುಳ್ಳಿ ತಿಂದರೆ ಅದರ ವಾಸನೆ ಎದೆಹಾಲಿಗೂ ಬರುವುದು ಕಂಡಿತು. ಆ ಹಾಲನ್ನು ಕೂಸುಗಳು ಬೇಡವೆನ್ನಲಿಲ್ಲ, ಇನ್ನೂ ಹೆಚ್ಚು ಹೊತ್ತು ಎದೆ ಕಚ್ಚಿದವು. ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಹಿಟ್ಟನ್ನು ಕಡಿಮೆ ಮುಖ ಸಿಂಡರಿಸಿ ತಿಂದವು ಎಂದು 2001ರ ಇನ್ನೊಂದು ಅಧ್ಯಯನ ಹೇಳಿತು. ನಮ್ಮ ಬಾಣಂತಿಯರ ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಹಾಲು ಹೆಚ್ಚಲಿ ಎಂಬ ನಂಬಿಕೆಯಿಂದ ಬಂದವು. ಅವುಗಳಲ್ಲಿ ಬೆಳ್ಳುಳ್ಳಿಯಾದರೂ ಮನೆಯ ಅಡುಗೆಯ ಮೊದಲ ಪರಿಚಯವನ್ನು ಕೂಸಿಗೆ ಮಾಡಿಕೊಡುತ್ತಿತ್ತು. ಬಾಣಂತಿಗೆ ವಿಪರೀತ ಪಥ್ಯ ಹೇರಿ ಅನ್ನ, ಸಾರಿಗೇ ಕಟ್ಟಿಹಾಕಿದರೆ ಆ ಪರಿಚಯವೂ ಕುಗ್ಗುತ್ತದೆ.

ಕ್ಲೀವ್‌ಲ್ಯಾಂಡಿನ ತಟ್ಟೆಗಳು

ಈಗ ಮೂಲ ಪ್ರಶ್ನೆಗೆ ಬರೋಣ. ಎಷ್ಟು ಉಣ್ಣಬೇಕು ಎಂಬುದು ಮಗುವಿಗೆ ಗೊತ್ತೇ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮಕ್ಕಳ ವೈದ್ಯರು ಗೊತ್ತಿಲ್ಲ ಎಂದೇ ನಂಬಿದ್ದರು. ಯಾವ ಗಂಟೆಗೆ ಏನನ್ನು ಎಷ್ಟು ತಿನ್ನಿಸಬೇಕೆಂದು ಚೀಟಿ ಬರೆದುಕೊಡುವುದು ಅಂದಿನ ಪದ್ಧತಿ. ಮಕ್ಕಳು ಆ ಚೀಟಿಗೆ ಒಗ್ಗದೆ ತಟ್ಟೆ ತಳ್ಳುತ್ತಿದ್ದರು. ತಾಯಂದಿರು ಅದೇ ವೈದ್ಯರ ಬಳಿಗೆ ಮತ್ತೆ ಓಡುತ್ತಿದ್ದರು. ಇದನ್ನು ಕಂಡ ಕ್ಲಾರಾ ಡೇವಿಸ್ ಎಂಬ ವೈದ್ಯೆ ತಲೆಕೆಳಗಾದ ಪ್ರಶ್ನೆಯೊಂದನ್ನು ಕೇಳಿದರು: ಆರಿಸಿಕೊಳ್ಳುವ ಕೆಲಸವನ್ನು ಮಗುವಿಗೇ ಬಿಟ್ಟರೆ ಏನಾದೀತು?

1926ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಆಸ್ಪತ್ರೆಯೊಂದರಲ್ಲಿ ಆರಂಭಿಸಿ, ಮುಂದೆ ಷಿಕಾಗೋದಲ್ಲಿ ಅವರು ಪ್ರಯೋಗ ಮುಂದುವರಿಸಿದರು. ಒಟ್ಟು ಹದಿನೈದು ಮಕ್ಕಳು. ಬಂದಾಗ ಅವರಿಗೆ ಆರರಿಂದ ಹನ್ನೊಂದು ತಿಂಗಳು; ಎದೆಹಾಲು ಬಿಟ್ಟು ಬೇರೆ ಆಹಾರದ ರುಚಿ ಅಷ್ಟಾಗಿ ಕಾಣದವರು. ಕೆಲವರು ಬಡಕಲಾಗಿದ್ದರು, ಐವರಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಇತ್ತು. ಮಕ್ಕಳನ್ನು ವರ್ಷಗಟ್ಟಲೆ ಹೀಗೆ ಒಂದೆಡೆ ಇಟ್ಟು ಪ್ರಯೋಗ ಮಾಡಲು ಇಂದು ಯಾರೂ ಒಪ್ಪರು. ಅಂದು ಅದು ನಡೆಯಿತು.

ಪಟ್ಟಿಯಲ್ಲಿ ಮೂವತ್ತಕ್ಕೂ ಮಿಕ್ಕಿ ಪದಾರ್ಥಗಳಿದ್ದವು: ಹಾಲು, ಹುಳಿಹಾಲು, ಮೊಟ್ಟೆ, ಗೋಧಿ, ಬಾರ್ಲಿ, ಓಟ್ಸ್, ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಪಾಲಕ್, ಸೇಬು, ಬಾಳೆಹಣ್ಣು, ಕಿತ್ತಳೆ ರಸ, ಕೋಳಿ, ಮೀನು, ಲಿವರ್, ಮೂಳೆಯೊಳಗಿನ ಮಜ್ಜೆ. ಒಂದಕ್ಕೊಂದು ಬೆರೆಸದೆ ಬೇರೆ ಬೇರೆ ಬಟ್ಟಲಲ್ಲಿ ಇಡುತ್ತಿದ್ದರು. ಉಪ್ಪೂ ಬೇರೆ ಬಟ್ಟಲಲ್ಲಿ. ದಾದಿ ಚಮಚ ಹಿಡಿದು ಪಕ್ಕದಲ್ಲಿ ಕುಳಿತಿರಬೇಕು. ಮಗು ಯಾವುದಾದರೂ ಬಟ್ಟಲಿಗೆ ಕೈ ಚಾಚಿದರೆ ಮಾತ್ರ ಅದರಿಂದ ಒಂದು ಚಮಚ ಎತ್ತಬೇಕು. ಬಾಯಿ ತೆರೆದರೆ ಮಾತ್ರ ಉಣಿಸಬೇಕು. ‘ಇದು ಒಳ್ಳೆಯದು, ತಿನ್ನು’ ಎನ್ನುವಂತಿಲ್ಲ. ‘ಅದು ಬೇಡ’ ಎನ್ನುವಂತಿಲ್ಲ. ಚೆನ್ನಾಗಿ ತಿಂದರೆ ಹೊಗಳುವಂತಿಲ್ಲ, ಬಿಟ್ಟರೆ ಗೊಣಗುವಂತಿಲ್ಲ.

ಮಕ್ಕಳು ಏನು ಮಾಡಿದವು? ಮೊದಮೊದಲು ಬಟ್ಟಲು, ಚಮಚ, ತಟ್ಟೆಯ ಅಂಚು ಎಲ್ಲವನ್ನೂ ಬಾಯಿಗಿಟ್ಟು ನೋಡಿದವು, ಕೆಲವನ್ನು ಉಗಿದವು. ಕೆಲವೇ ದಿನಗಳಲ್ಲಿ ತಮಗೆ ಬೇಕಾದ್ದನ್ನು ಗುರುತು ಹಿಡಿದವು. ಒಂದೊಂದು ಹೊತ್ತಿನ ಊಟ ನೋಡಿದರೆ ಯಾವ ತಾಯಿಯೂ ಗಾಬರಿಯಾಗಬೇಕು. ಬೆಳಗಿನ ಉಪಾಹಾರಕ್ಕೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ ಮತ್ತು ಲಿವರ್. ರಾತ್ರಿಗೆ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ಒಂದು ಮಗುವಿನ ಆಯ್ಕೆ ಇನ್ನೊಂದರಂತಿರಲಿಲ್ಲ. ಆದರೆ ಸಾವಿರಾರು ಊಟಗಳ ಲೆಕ್ಕ ಕೂಡಿಸಿ ನೋಡಿದಾಗ ಪ್ರತಿ ಮಗುವೂ ತನಗೆ ಬೇಕಾದಷ್ಟನ್ನು ಸರಿಯಾಗಿಯೇ ತಿಂದಿತ್ತು. ಬಡಕಲಾಗಿದ್ದವರು ಮೈತುಂಬಿಕೊಂಡರು. ರಿಕೆಟ್ಸ್ ಇದ್ದ ಮಗುವೊಂದರ ತಟ್ಟೆಯ ಬಳಿ ಮೀನೆಣ್ಣೆಯ ಲೋಟವನ್ನೂ ಇಟ್ಟಿದ್ದರು. ರೋಗ ವಾಸಿಯಾಗುವವರೆಗೆ ಅದು ಆಗಾಗ ತಾನಾಗಿ ಅದನ್ನು ಕುಡಿಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ‘ಮಗುವಿಗೆ ಎಲ್ಲ ಗೊತ್ತು, ಬಿಟ್ಟುಬಿಡಿ’ ಎಂದು ಹೇಳಬಹುದಿತ್ತು. ಆದರೆ 1939ರಲ್ಲಿ ಕೆನಡಾದ ವೈದ್ಯರ ಮುಂದೆ ತಮ್ಮ ಫಲಿತಾಂಶಗಳನ್ನು ಇಟ್ಟಾಗ ಡೇವಿಸ್ ತಾವಾಗಿಯೇ ಗುಟ್ಟು ಬಿಚ್ಚಿದರು. ಗುಟ್ಟು ಇದ್ದದ್ದು ಪಟ್ಟಿಯಲ್ಲಿ. ಅಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ, ಕರಿದ ತಿಂಡಿ ಇರಲಿಲ್ಲ. ಮಗು ಯಾವುದನ್ನು ಆರಿಸಿದರೂ ಒಳ್ಳೆಯದನ್ನೇ ಆರಿಸುವಂತೆ ಪಟ್ಟಿಯನ್ನು ದೊಡ್ಡವರು ಮೊದಲೇ ಕಟ್ಟಿದ್ದರು. ಕಾರ್ಖಾನೆಯ ತಿನಿಸುಗಳನ್ನೂ ಇಟ್ಟು ಇನ್ನೊಂದು ಪ್ರಯೋಗ ಮಾಡುವ ಆಸೆ ಅವರಿಗಿತ್ತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಹಣ ಒದಗದೆ ಅದು ನಡೆಯಲಿಲ್ಲ.

ಯಾರ ಕೆಲಸ ಯಾರಿಗೆ?

ಡೇವಿಸ್ ಅವರ ಪ್ರಯೋಗ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಎಷ್ಟು ಬೇಕೆಂಬುದು ಮಗುವಿಗೆ ಗೊತ್ತು. ಆದರೆ ತಟ್ಟೆಗೆ ಏನು ಬರಬೇಕೆಂಬುದನ್ನು ದೊಡ್ಡವರು ನೋಡಿಕೊಳ್ಳಬೇಕು. 1980ರ ದಶಕದಲ್ಲಿ ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಈ ಬಗೆಯ ತಿಳಿವಳಿಕೆಗೆ ಮನೆಮಂದಿಗೆ ನೆನಪಿರುವಂಥ ರೂಪ ಕೊಟ್ಟರು. ಏನನ್ನು ಬಡಿಸಬೇಕು, ಯಾವಾಗ ಬಡಿಸಬೇಕು, ಎಲ್ಲಿ ಕುಳಿತು ಉಣ್ಣಬೇಕು ಎಂಬ ಮೂರು ಕೆಲಸ ಹಿರಿಯರದು. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎಂಬ ಎರಡು ಕೆಲಸ ಮಗುವಿನದು.

ಊಟದ ಹೊತ್ತಿನ ಬಹುಪಾಲು ಜಗಳಗಳನ್ನು ಬಿಡಿಸಿ ನೋಡಿದರೆ ಈ ಕೆಲಸಗಳು ಅದಲುಬದಲಾಗಿರುವುದು ಕಾಣುತ್ತದೆ. ‘ಏನು ಮಾಡಲಿ ಕಂದಾ?’ ಎಂದು ಕೇಳಿ, ಅದು ‘ನೂಡಲ್ಸ್’ ಎಂದಾಗ ಮಾಡಿಕೊಡುವ ತಾಯಿ ತನ್ನ ಕೆಲಸವನ್ನು ಮಗುವಿಗೆ ಕೊಟ್ಟಳು. ಹೊಟ್ಟೆ ತುಂಬಿತೆಂದು ಮಗು ಮುಖ ತಿರುಗಿಸಿದ ಮೇಲೂ ‘ಇದೊಂದೇ ತುತ್ತು’ ಎಂದು ತುರುಕುವ ತಾಯಿ ಮಗುವಿನ ಕೆಲಸವನ್ನು ಕಿತ್ತುಕೊಂಡಳು.

ಇನ್ನು ಹೊತ್ತಿನ ಮಾತು. ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಬಿಸ್ಕತ್ತು, ಪೊಟ್ಟಣದ ಕುರುಕಲು, ಲೋಟ ಹಾಲು ನಡೆಯುತ್ತಿದ್ದರೆ ಊಟಕ್ಕೆ ಹಸಿವು ಎಲ್ಲಿಂದ ಬರಬೇಕು? ಹಾಲು ಒಳ್ಳೆಯ ಆಹಾರವೇ. ಆದರೆ ದಿನಕ್ಕೆ ಅರ್ಧ ಲೀಟರಿಗಿಂತ ಬಹಳ ಹೆಚ್ಚು ಹಸುವಿನ ಹಾಲು ಕುಡಿಯುವ ಪುಟ್ಟ ಮಗುವಿಗೆ ಬೇರೆ ಊಟ ಸೇರದು. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆಯಾದ್ದರಿಂದ ರಕ್ತಹೀನತೆಯೂ ಬರಬಹುದು. ಅನೇಕ ಮನೆಗಳಲ್ಲಿ ಮಕ್ಕಳಿಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವ ರೂಢಿಯುಂಟು. ಊಟದಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ಚಹಾ ತಡೆಯುತ್ತದೆ. ಮೂರು ಹೊತ್ತಿನ ಊಟ, ನಡುವೆ ಒಂದೆರಡು ಬಾರಿ ಹಣ್ಣೋ ಕಡಲೆ ಉಸಲಿಯೋ, ಉಳಿದ ಹೊತ್ತು ನೀರು. ಇಷ್ಟು ಕಟ್ಟುನಿಟ್ಟು ಇದ್ದರೆ ಅರ್ಧ ಟಾನಿಕ್ ಮನೆಯಲ್ಲೇ ಸಿಕ್ಕಂತೆ.

ಒತ್ತಾಯ, ಲಂಚ, ಪರದೆ

‘ಒತ್ತಾಯ ಮಾಡದಿದ್ದರೆ ತಿನ್ನುವುದೇ ಇಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಇದನ್ನೂ ಪರೀಕ್ಷಿಸಿದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಎರಡು ಬಗೆಯ ತರಕಾರಿ ಸೂಪು ಕೊಟ್ಟರು. ಒಂದನ್ನು ಸುಮ್ಮನೆ ಮುಂದಿಟ್ಟರು. ಇನ್ನೊಂದನ್ನು ‘ಸೂಪು ಮುಗಿಸು’ ಎಂದು ಹೇಳುತ್ತಾ ಇಟ್ಟರು. ಹೇಳದೆ ಇಟ್ಟದ್ದನ್ನು ಮಕ್ಕಳು ಹೆಚ್ಚು ಕುಡಿದರು. ಹೇಳಿ ಇಟ್ಟದ್ದರ ಬಗ್ಗೆ ಗೊಣಗಿದರು.

ಲಂಚದ ಕತೆಯೂ ಹೀಗೆಯೇ. ಮಕ್ಕಳ ಆಹಾರದ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಲೀಯಾನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ತೋರಿಸಿದರು. ಇದನ್ನು ಕುಡಿದರೆ ಬಹುಮಾನ ಎಂದು ಹೇಳಿ ಕುಡಿಸಿದ ಪಾನೀಯದ ಮೇಲೆ ಮಕ್ಕಳ ಒಲವು ಏರಲಿಲ್ಲ, ಇಳಿಯಿತು. ಮಗುವಿನ ತರ್ಕ ಸರಳ. ‘ಪಲ್ಯ ತಿಂದರೆ ಚಾಕೊಲೇಟ್’ ಎಂದರೆ ಪಲ್ಯ ಶಿಕ್ಷೆ, ಚಾಕೊಲೇಟ್ ಬಿಡುಗಡೆ ಎಂದೇ ಅದು ತಿಳಿಯುತ್ತದೆ.

ಇನ್ನು ಪರದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ಮುಟ್ಟಬೇಕಾದರೆ ತಿನ್ನುವವರ ಗಮನ ತಿನ್ನುವುದರಲ್ಲಿರಬೇಕು. ಮೊಬೈಲಿನ ಮುಂದೆ ಉಣ್ಣುವ ಮಗುವಿಗೆ ಹಸಿವೂ ತಿಳಿಯದು, ತೃಪ್ತಿಯೂ ತಿಳಿಯದು, ರುಚಿಯೂ ತಿಳಿಯದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಿಂದೆ ಕಾಗೆ, ಗುಬ್ಬಿ, ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ ಎಂದು ಕೇಳಬಹುದು. ಹೌದು. ಆದರೆ ಕಾಗೆ ಹಾರಿಹೋಗುತ್ತಿತ್ತು. ಮಗು ಮತ್ತೆ ತಾಯಿಯ ಮುಖಕ್ಕೂ ತುತ್ತಿಗೂ ಮರಳುತ್ತಿತ್ತು. ಮೊಬೈಲು ಹಾರಿಹೋಗುವುದಿಲ್ಲ.

ಎಲೆಯ ತುದಿಯ ಪಾಠ

ಒತ್ತಾಯವಿಲ್ಲದೆ ಹೊಸ ರುಚಿ ಕಲಿಸುವುದು ಹೇಗೆ? ಬರ್ಚ್ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಪರಿಚಯವಿಲ್ಲದ ತಿನಿಸುಗಳನ್ನು ಬೇರೆ ಬೇರೆ ಲೆಕ್ಕದಲ್ಲಿ, ಕೆಲವನ್ನು ಎರಡು ಸಲ, ಕೆಲವನ್ನು ಹತ್ತು, ಹದಿನೈದು, ಇಪ್ಪತ್ತು ಸಲ ರುಚಿ ತೋರಿಸಿದರು. ಹೆಚ್ಚು ಸಲ ನಾಲಿಗೆಗೆ ಬಿದ್ದದ್ದನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ಅಂದರೆ ಮೂರು ಸಲ ಬೇಡವೆಂದ ಮಗುವಿನ ಬಗ್ಗೆ ‘ಇವನಿಗೆ ಬದನೆಕಾಯಿ ಆಗುವುದಿಲ್ಲ’ ಎಂದು ತೀರ್ಪು ಕೊಡುವುದು ಅವಸರದ ಕೆಲಸ. ಹತ್ತು, ಹದಿನೈದು ಸಲವಾದರೂ ಕಾಯಬೇಕು.

ಇಲ್ಲಿಯೇ ನಮ್ಮ ಬಾಳೆಲೆ ನೆನಪಾಗುವುದು. ಪಂಕ್ತಿಯಲ್ಲಿ ಕುಳಿತವರು ದೊಡ್ಡವರಿರಲಿ ಚಿಕ್ಕವರಿರಲಿ, ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು ಎಲ್ಲವೂ ಚೂರು ಚೂರು ಬೀಳುತ್ತವೆ. ಯಾವುದೂ ಬೆಟ್ಟದಷ್ಟು ಬೀಳುವುದಿಲ್ಲ. ಮಗುವಿಗೆ ಪಾಯಸ ಇಷ್ಟ, ಗೊಜ್ಜು ಇಷ್ಟವಿಲ್ಲ. ಗೊಜ್ಜು ಮೂಲೆಯಲ್ಲಿ ಸುಮ್ಮನೆ ಇರುತ್ತದೆ. ಮುಂದಿನ ಹಬ್ಬಕ್ಕೆ ಮತ್ತೆ ಅದೇ ಮೂಲೆಯಲ್ಲಿ ಬರುತ್ತದೆ. ಒಂದು ದಿನ ಬೆರಳು ತಾನಾಗಿ ಅತ್ತ ಹೋಗುತ್ತದೆ. ಇಷ್ಟವಾದ ಒಂದೆರಡು ಪದಾರ್ಥಗಳ ನಡುವೆ ಹೊಸದೊಂದನ್ನು ಚೂರು ಇಟ್ಟು, ಸುಮ್ಮನಿದ್ದು, ಮತ್ತೆ ಮತ್ತೆ ಇಡುವುದು. ಇಂದಿನ ತಜ್ಞರು ಹೇಳುವುದೂ ಇದನ್ನೇ.

ಪಂಕ್ತಿಯ ಇನ್ನೊಂದು ಗುಣ ಪಕ್ಕದ ಎಲೆ. ಒಂದು ತರಕಾರಿಯನ್ನು ಮೆಚ್ಚದ ಮಗುವನ್ನು ಅದನ್ನು ಮೆಚ್ಚುವ ಮಕ್ಕಳ ಜೊತೆ ಕೆಲವು ದಿನ ಊಟಕ್ಕೆ ಕೂರಿಸಿದರೆ ಅದರ ಆಯ್ಕೆಯೇ ಬದಲಾಗುತ್ತದೆಂದು ಬರ್ಚ್ 1980ರಲ್ಲಿ ತೋರಿಸಿದ್ದರು. ಬೆಳದಿಂಗಳಲ್ಲಿ ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅಂಗೈಗೊಂದು ಕೈತುತ್ತು ಹಾಕುತ್ತಿದ್ದ ಅಜ್ಜಿ ಈ ಅಧ್ಯಯನ ಓದಿರಲಿಲ್ಲ. ಮನೆಯಲ್ಲಿ ಸೌತೆಕಾಯಿ ಹುಳಿ ಬೇಡವೆನ್ನುವ ಹುಡುಗ ಅಣ್ಣ, ತಂಗಿ, ಅತ್ತೆಯ ಮಕ್ಕಳ ನಡುವೆ ‘ನನಗೆ, ನನಗೆ’ ಎಂದು ಅಂಗೈ ಚಾಚುತ್ತಾನೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸರದಿಯಲ್ಲಿ ಒಂದೊಂದೇ ತುತ್ತು ಬರುವುದರಿಂದ ತುರುಕುವ ಮಾತೂ ಇರಲಿಲ್ಲ. ಸಾಕೆಂದವರು ಕೈ ಹಿಂದಕ್ಕೆ ತೆಗೆದುಕೊಂಡರಾಯಿತು.

ಕೊನೆಯ ಪಂಕ್ತಿ

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. ಆ ಪಂಕ್ತಿಗೆ ಇನ್ನೊಂದು ಮುಖವೂ ಇತ್ತು. ಗಂಡಸರು ಮೊದಲು, ಮಕ್ಕಳು ಅವರ ಜೊತೆಗೆ, ಬಡಿಸಿದ ಹೆಂಗಸರು ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ, ತಳ ಹತ್ತಿದ ಅನ್ನ ಮತ್ತು ಉಳಿದ ಸಾರಿನ ಜೊತೆಗೆ. ಇಂದು ಎಲೆ ಹೋಗಿ ಸ್ಟೀಲ್ ತಟ್ಟೆ ಬಂದಿದೆ, ನೆಲ ಹೋಗಿ ಮೇಜು ಬಂದಿದೆ. ತಾಯಿಯ ಊಟದ ಹೊತ್ತು ಮಾತ್ರ ಬಹಳ ಮನೆಗಳಲ್ಲಿ ಬದಲಾಗಿಲ್ಲ.

ಮಗುವಿನ ಊಟಕ್ಕೂ ಇದಕ್ಕೂ ಏನು ಸಂಬಂಧ? ಮಗು ಕಲಿಯುವುದು ನೋಡಿ. ತಾಯಿ ತನಗೆ ಉಣಿಸುವುದನ್ನು ಅದು ದಿನವೂ ನೋಡುತ್ತದೆ. ತಾಯಿ ತಾನು ಉಣ್ಣುವುದನ್ನು ನೋಡುವುದೇ ಇಲ್ಲ. ಆಗ ಅದು ಮಲಗಿರುತ್ತದೆ. ತಂದೆ ಟಿ.ವಿ.ಯ ಮುಂದೆ ತಟ್ಟೆ ಹಿಡಿದಿರುತ್ತಾನೆ. ಅವನ ಕಣ್ಣು ಸುದ್ದಿಯಲ್ಲಿ. ಸೊಪ್ಪಿನ ಪಲ್ಯವನ್ನು ಸಂತೋಷದಿಂದ ಉಣ್ಣುವ ಒಂದು ಮುಖವನ್ನೂ ಕಾಣದ ಮಗುವಿಗೆ ‘ಸೊಪ್ಪು ತಿಂದರೆ ಶಕ್ತಿ ಬರುತ್ತದೆ’ ಎಂಬ ಮಾತು ಮಾತಾಗಿಯೇ ಉಳಿಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರವತ್ತೈದು ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದೇ ತೊಂದರೆ. ಮಗುವನ್ನು ಬೇರೆಯಾಗಿ, ತಾಯಿಯನ್ನು ಬೇರೆಯಾಗಿ ನೋಡಿ ಈ ಲೆಕ್ಕ ಸರಿಮಾಡಲಾಗದು. ತಾಯಿಯೂ ಮಗುವಿನ ಜೊತೆಯಲ್ಲೇ ಕುಳಿತು, ಅದೇ ಪಲ್ಯವನ್ನು, ಅದೇ ಬಿಸಿಯಲ್ಲಿ ಉಂಡರೆ ಅವಳ ತಟ್ಟೆಗೂ ಪಾಲು ಬಂತು, ಮಗುವಿಗೂ ಪಾಠವಾಯಿತು. ಬಡಿಸುವ ಕೆಲಸವನ್ನು ಮನೆಯವರೆಲ್ಲ ಹಂಚಿಕೊಂಡರೆ ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಹಠವೋ, ಹಸಿವೋ?

ಇಲ್ಲಿಯವರೆಗೆ ಹೇಳಿದ್ದು ತಟ್ಟೆಯಲ್ಲಿ ಆಯ್ಕೆ ಇರುವ ಮನೆಗಳ ಮಾತು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಬೇಡವೆನ್ನುವ ಅವಕಾಶವೇ ಇಲ್ಲ. ಆರಿಸಿಕೊಳ್ಳಲು ಮೊದಲು ತಟ್ಟೆಗೆ ಬೀಳಬೇಕಲ್ಲ! ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿದ ಮೇಲೆ ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, ನಂತರದ ವರ್ಷಗಳಲ್ಲಿ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ, 2024ರಲ್ಲಿ ರಾಗಿ ಮಾಲ್ಟ್ ಸೇರಿದವು. ಹೊಟ್ಟೆ ತುಂಬಿಸುವ ಈ ಯೋಜನೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ಊರಿನ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಪಕ್ಕದವರ ತಟ್ಟೆ ನೋಡಿ ಉಣ್ಣುವ ಹಳೆಯ ಪಾಠವನ್ನು ಮುಂದುವರಿಸುತ್ತದೆ.

ಎಲ್ಲ ನಿರಾಕರಣೆಯೂ ವಯಸ್ಸಿನ ಗುಣವಲ್ಲ ಎಂಬುದನ್ನೂ ಮರೆಯಬಾರದು. ತೂಕ ಏರದೆ ನಿಂತರೆ ಅಥವಾ ಇಳಿದರೆ, ನುಂಗುವಾಗ ನೋವು, ಕೆಮ್ಮು, ಪದೇ ಪದೇ ವಾಂತಿ ಕಂಡರೆ, ಮುಖ ಬಿಳಿಚಿಕೊಂಡು ಸದಾ ಸುಸ್ತಾಗಿದ್ದರೆ ವೈದ್ಯರನ್ನು ಕಾಣಲೇಬೇಕು. ಮಣ್ಣು, ಸುಣ್ಣ ತಿನ್ನುವ ಮಗುವಿಗೆ ಕಬ್ಬಿಣದ ಕೊರತೆ ಇರಬಹುದು. ನಾಲ್ಕೈದು ಪದಾರ್ಥ ಬಿಟ್ಟು ಬೇರೇನನ್ನೂ ಮುಟ್ಟದ, ಹೊಸ ತಿನಿಸಿನ ವಾಸನೆಗೇ ಓಕರಿಸುವ ಮಕ್ಕಳೂ ಇದ್ದಾರೆ. ಅವರಿಗೆ ತಜ್ಞರ ನೆರವು ಬೇಕು. ಅಂಥ ಮಗುವಿನ ತಾಯಿಗೆ ‘ನೀನು ಸರಿಯಾಗಿ ಬೆಳೆಸಲಿಲ್ಲ’ ಎನ್ನುವುದು ಅನ್ಯಾಯ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಗಿ ಗುರುತಿಸುವ ಬೆಳವಣಿಗೆಯ ಗೆರೆ ಏರುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಒಂದು ಹೊತ್ತು ಬಿಟ್ಟ ಊಟಕ್ಕೆ ಚಿಂತಿಸಬೇಕಿಲ್ಲ.

ಇಂದಿನ ರಾತ್ರಿಯ ಊಟ

ಕೊನೆಯದಾಗಿ, ಮತ್ತೆ ಅದೇ ನಡುಮನೆಗೆ ಹೋಗೋಣ. ರಾತ್ರಿ ಎಂಟು ಗಂಟೆ. ಮೊಬೈಲು ಇನ್ನೊಂದು ಕೋಣೆಯಲ್ಲಿದೆ, ಟಿ.ವಿ. ಆರಿದೆ. ಎಲ್ಲರ ತಟ್ಟೆಗಳೂ ಒಟ್ಟಿಗೆ ಬಂದಿವೆ. ಸಂಜೆ ಹುರುಳಿಕಾಯಿಯ ನಾರು ಬಿಡಿಸುವಾಗ ಮಗುವೂ ಪಕ್ಕದಲ್ಲಿ ಕುಳಿತು ಎರಡು ಕಾಯಿ ಮುರಿದಿತ್ತು. ಅದರ ಪಾಲಿಗೆ ಇದು ‘ನನ್ನ ಪಲ್ಯ’. ಅದರ ತಟ್ಟೆಯಲ್ಲಿ ಇಷ್ಟದ ಮೊಸರನ್ನವಿದೆ, ಪಕ್ಕದಲ್ಲಿ ಚಮಚದ ತುದಿಯಷ್ಟು ಪಲ್ಯವಿದೆ. ಉತ್ತರ ಕರ್ನಾಟಕದ ಮನೆಯಾದರೆ ಹಾಲಿನಲ್ಲಿ ನೆನೆಸಿದ ರೊಟ್ಟಿ; ಬಯಲುಸೀಮೆಯಾದರೆ ನೆಲ್ಲಿಕಾಯಿ ಗಾತ್ರದ ಮುದ್ದೆ; ಕರಾವಳಿಯಾದರೆ ಗಂಜಿ. ಯಾರೂ ತಿನ್ನು ಎನ್ನುವುದಿಲ್ಲ. ಅಪ್ಪ ಇವತ್ತು ಬಸ್ಸಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಾನೆ. ಅಮ್ಮ ಪಲ್ಯ ಹಾಕಿಸಿಕೊಳ್ಳುತ್ತಿದ್ದಾಳೆ.

ಮಗು ಮೊಸರನ್ನ ಮುಗಿಸಿ ಪಲ್ಯ ಬಿಡುತ್ತದೆ. ಬಿಡಲಿ. ನಾಳೆಯೂ ಬಿಡಬಹುದು. ನಾಡಿದ್ದು ಒಂದು ಚೂರು ಕಚ್ಚಿ ಉಗಿಯಬಹುದು. ಅದೂ ಕಲಿಕೆಯೇ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಆದ ಮೇಲೆ ತಟ್ಟೆ ಎತ್ತಿಟ್ಟು ಕೈ ತೊಳೆಸಿದರಾಯಿತು. ಅರ್ಧ ಗಂಟೆ ಕಳೆದು ಬಿಸ್ಕತ್ತು ಕೊಡದಿದ್ದರಾಯಿತು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಊಟ ಬಲ್ಲವನಾಗುವುದು ಎಂದರೆ ಸಾಕು ಎನ್ನುವುದನ್ನು ಬಲ್ಲವನಾಗುವುದು ಕೂಡ. ಹುಟ್ಟುವಾಗ ಪ್ರತಿ ಮಗುವಿಗೂ ಆ ವಿದ್ಯೆ ಇರುತ್ತದೆ. ಎದೆಹಾಲು ಸಾಕಾದಾಗ ಅದು ಮುಖ ತಿರುಗಿಸುತ್ತದೆ, ಯಾವ ತಾಯಿಯೂ ಆಗ ಅದನ್ನು ಹಠ ಎನ್ನುವುದಿಲ್ಲ. ಅನ್ನಕ್ಕೆ ಬಂದ ಮೇಲೂ ಅದೇ ಮುಖ, ಅದೇ ತಿರುಗುವಿಕೆ. ಅದನ್ನು ನಂಬಿದರೆ ತುತ್ತಿನ ಜಗಳ ತಾನಾಗಿ ಮುಗಿಯುತ್ತದೆ.